ಹೊಟ್ಟೆ ತುಂಬಿದ ಮಕ್ಕಳಲ್ಲೂ ಅಪೌಷ್ಟಿಕತೆ ಇರಬಹುದೇ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತರಗತಿಯಲ್ಲಿ ಬಡ ಮನೆಯ ಮಕ್ಕಳೇ ಹೆಚ್ಚು. ಆದರೆ ಯಾರೂ ಮೂಳೆಚಕ್ಕಳವಾಗಿ ಕಾಣುವುದಿಲ್ಲ, ಇಬ್ಬರು ಮೂವರು ದಪ್ಪಗೇ ಇದ್ದಾರೆ. ಹಾಗಿರುವಾಗ ಅಪೌಷ್ಟಿಕತೆಯನ್ನು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆ ಎಂದು ಏಕೆ ಹೇಳುತ್ತಾರೆ? ಒಂದು ಮನೆಯಲ್ಲಿ ಊಟಕ್ಕೆ ತೊಂದರೆಯಾದರೆ ಅದು ಆ ಮನೆಯ ಕಷ್ಟ ತಾನೇ, ಎಲ್ಲರ ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ? ಪಾಲಕರಿಗೆ ಸರಿಯಾದ ತಿಳಿವಳಿಕೆ ಕೊಟ್ಟರೆ ಸಾಲದೇ?

ಉತ್ತರ: ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದನ್ನು ನಿಮ್ಮ ತರಗತಿಯಲ್ಲೇ ಪರೀಕ್ಷಿಸಬಹುದು. ಗೋಡೆಗೆ ಒಂದು ಅಳತೆಪಟ್ಟಿ ಅಂಟಿಸಿ. ಮಕ್ಕಳ ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ತಲೆಯ ಮೇಲೆ ಒಂದು ಪುಸ್ತಕವನ್ನು ಅಡ್ಡಲಾಗಿಟ್ಟು ಗುರುತು ಹಾಕಿ. ಐದು ವರ್ಷ ತುಂಬಿದ ಹುಡುಗನ ಎತ್ತರ 110 ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು. ಒಬ್ಬ ಹುಡುಗ 100 ಸೆಂಟಿಮೀಟರ್ ಬಂದ ಎಂದಿಟ್ಟುಕೊಳ್ಳಿ. ಅದು ಮೂರೂವರೆ ವರ್ಷದ ಮಗುವಿನ ಎತ್ತರ. ಅವನು ಬಡಕಲಾಗಿರುವುದಿಲ್ಲ. ಎತ್ತರಕ್ಕೆ ತಕ್ಕ ತೂಕವಿರುತ್ತದೆ, ಕೆನ್ನೆಯೂ ತುಂಬಿಕೊಂಡಿರುತ್ತದೆ. ಗುಂಪಿನ ಫೋಟೋ ತೆಗೆಯುವಾಗ ಮುಂದಿನ ಸಾಲಿನಲ್ಲಿ ಕೂರಿಸುತ್ತೀರಿ, ಎಲ್ಲರೂ ಮುದ್ದು ಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಅವನ ಬೆಳವಣಿಗೆ ಕುಂಠಿತವಾಗಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಪೌಷ್ಟಿಕತೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಕ್ಕೆಲುಬು ಎಣಿಸಬಹುದಾದಂಥ ಮಗುವಿನ ಚಿತ್ರ. ಅಂಥ ಮಕ್ಕಳೂ ಇದ್ದಾರೆ. 2024ರ ಅಂದಾಜಿನಂತೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 4.28 ಕೋಟಿ ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಕೃಶರಾಗಿದ್ದಾರೆ. ಆದರೆ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಸುಮಾರು 15 ಕೋಟಿ, ಅಂದರೆ ಮೂರು ಪಟ್ಟಿಗೂ ಹೆಚ್ಚು. ನಾವು ಹುಡುಕುವ ಮುಖ ಒಂದು, ಸಮಸ್ಯೆಯ ಬಹುಪಾಲು ಇರುವ ಮುಖ ಇನ್ನೊಂದು.

ಇಲ್ಲಿ ತಕ್ಷಣ ಬರುವ ಮಾತು ನನಗೆ ಗೊತ್ತು: "ಅವರ ಮನೆತನವೇ ಕುಳ್ಳು, ಅಪ್ಪ ಅಮ್ಮ ಇಬ್ಬರೂ ಹಾಗೇ ಇದ್ದಾರೆ." ಈ ವಾದವನ್ನು ತೂಗಿ ನೋಡಲು ಒಂದು ಅಧ್ಯಯನವಿದೆ. ಮಕ್ಕಳ ಬೆಳವಣಿಗೆಯ ಮಾನದಂಡ ರೂಪಿಸಲು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ಮಕ್ಕಳನ್ನು ಅಳೆಯಿತು. ತಾಯಿ ಧೂಮಪಾನ ಮಾಡದ, ಮಗುವಿಗೆ ಎದೆಹಾಲು ಸಿಗುವ, ಊಟಕ್ಕೂ ಔಷಧಕ್ಕೂ ಕೊರತೆಯಿಲ್ಲದ ಮನೆಗಳನ್ನೇ ಆರಿಸಿಕೊಂಡಿತ್ತು. ಆರೂ ದೇಶಗಳ ಮಕ್ಕಳು ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಒಂದು ಮಗು ಅಪ್ಪನಂತೆ ಗಿಡ್ಡವಾಗಿರಬಹುದು, ನಿಜ. ಆದರೆ ಒಂದು ಪ್ರದೇಶದ ಮೂರರಲ್ಲಿ ಒಂದು ಮಗು ಗಿಡ್ಡವಾಗಿದ್ದರೆ ಅದಕ್ಕೆ ರಕ್ತವನ್ನು ದೂರಿ ಪ್ರಯೋಜನವಿಲ್ಲ. ಅಪ್ಪ ಅಮ್ಮನೂ ಹಾಗೇ ಇದ್ದಾರೆ ಎಂಬುದಕ್ಕೆ ಅವರೂ ಇಂಥದೇ ಬಾಲ್ಯ ಕಳೆದರು ಎಂಬ ಅರ್ಥವೂ ಇರಬಹುದಲ್ಲ.

ಎತ್ತರ ಕಡಿಮೆಯಾದರೆ ಏನಾಯಿತು ಎಂದು ಕೇಳಬಹುದು. ಎತ್ತರ ಬರೀ ಗುರುತು. ದೇಹಕ್ಕೆ ಸಾಕಷ್ಟು ಸಿಗದಾಗ ಅದು ಖರ್ಚು ಕಡಿತಗೊಳಿಸುತ್ತದೆ. ಮೊದಲು ಮೂಳೆ ಉದ್ದವಾಗುವುದನ್ನು ಮುಂದೂಡುತ್ತದೆ, ರೋಗ ನಿರೋಧಕ ವ್ಯವಸ್ಥೆಗೆ ಕೊಡುವುದನ್ನೂ ಬಿಗಿ ಹಿಡಿಯುತ್ತದೆ. ಮಿದುಳನ್ನು ಆದಷ್ಟು ಕಾಪಾಡಲು ನೋಡುತ್ತದೆ, ಪೂರ್ತಿ ಕಾಪಾಡಲು ಆಗುವುದಿಲ್ಲ. ಐದು ವರ್ಷದ ಮಗುವಿನ ದೇಹ ದಿನಕ್ಕೆ ಬಳಸುವ ಶಕ್ತಿಯಲ್ಲಿ ಶೇ 40ಕ್ಕೂ ಹೆಚ್ಚು ಪಾಲು ಮಿದುಳಿನದೇ. ಅಂಥ ದುಬಾರಿ ಅಂಗಕ್ಕೆ ಕಬ್ಬಿಣ, ಅಯೋಡಿನ್, ಪ್ರೊಟೀನ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ನಷ್ಟ ಮುಂದೆ ಪೂರ್ತಿ ತುಂಬುವುದಿಲ್ಲ. ಗರ್ಭದ 270 ದಿನ ಮತ್ತು ಹುಟ್ಟಿದ ಮೇಲಿನ ಎರಡು ವರ್ಷ, ಒಟ್ಟು ಸಾವಿರ ದಿನಗಳ ಬಗ್ಗೆ ವೈದ್ಯರು ಅಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಿಗೆ ಪ್ರೊಟೀನ್ ಇದ್ದ ಗಂಜಿ, ಇನ್ನೆರಡಕ್ಕೆ ಪ್ರೊಟೀನ್ ಇಲ್ಲದ ಪಾನಕ. ಮೂವತ್ತು ವರ್ಷಗಳ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಎರಡು ವರ್ಷದೊಳಗೆ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಯ ಕೂಲಿ ಸರಾಸರಿ ಶೇ 46ರಷ್ಟು ಹೆಚ್ಚಿತ್ತು. ಬರೀ ಗಂಜಿಯ ಫಲ ಅದು.

ಇನ್ನು ಎರಡನೆಯ ಪ್ರಶ್ನೆ, ಒಂದು ಮನೆಯ ಕಷ್ಟ ಎಲ್ಲರ ಸಮಸ್ಯೆ ಹೇಗಾಗುತ್ತದೆ ಎಂಬುದು.

ತರಬೇತಿಯ ದಿನಗಳಲ್ಲಿ ನಾನು ಒಂದು ಮಗುವಿನ ಮರಣಪತ್ರ ಬರೆದಿದ್ದೆ. ಕಾರಣದ ಜಾಗದಲ್ಲಿ "ನ್ಯುಮೋನಿಯಾ" ಎಂದು ಬರೆದೆ. ಸುಳ್ಳೇನಲ್ಲ. ಆದರೆ ಪಕ್ಕದ ಹಾಸಿಗೆಯಲ್ಲಿ ಅದೇ ವಯಸ್ಸಿನ, ಅದೇ ನ್ಯುಮೋನಿಯಾದ ಇನ್ನೊಂದು ಮಗುವಿತ್ತು. ಅದು ನಾಲ್ಕನೆಯ ದಿನ ತಿಂಡಿಗಾಗಿ ರಚ್ಚೆ ಹಿಡಿಯಿತು, ಆರನೆಯ ದಿನ ಮನೆಗೆ ಹೋಯಿತು. ಎರಡು ಮಕ್ಕಳ ನಡುವೆ ಇದ್ದ ವ್ಯತ್ಯಾಸ ತೋಳಿನ ಸುತ್ತಳತೆಯಲ್ಲಿತ್ತು, ಮರಣಪತ್ರದಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ. ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರ ಹಿಂದೆ ಪೋಷಣೆಯ ಕೊರತೆಯ ಕೈವಾಡವಿದೆ. ಕಾಗದದ ಮೇಲೆ ಅವೆಲ್ಲ ಭೇದಿ, ದಡಾರ, ಮಲೇರಿಯಾ, ನ್ಯುಮೋನಿಯಾ ಎಂದೇ ದಾಖಲಾಗುತ್ತವೆ. ಹಸಿವಿಗೆ ಸ್ವಂತ ಹೆಸರಿನಲ್ಲಿ ಕೊಲ್ಲುವ ಅಗತ್ಯವೇ ಬೀಳುವುದಿಲ್ಲ.

ಇದರ ಒಳಗಿನ ಕೆಲಸ ಹೀಗೆ. ಪೋಷಣೆ ಕಡಿಮೆಯಾದ ದೇಹದಲ್ಲಿ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿರಕ್ತಕಣಗಳು ತಯಾರಾಗುವ ಜಾಗ ಅದು. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತಿರಬೇಕಾದ ಸೂಕ್ಷ್ಮ ಬೆರಳುಗಳು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಹಿರಿಯರು ಹೇಳುತ್ತಾರಲ್ಲ, ಅಕ್ಷರಶಃ ಅದೇ. ಆಗ ಸಣ್ಣ ಸೋಂಕೂ ಸಲೀಸಾಗಿ ಒಳಗೆ ಬರುತ್ತದೆ. ಸೋಂಕು ಬಂದರೆ ಹಸಿವು ಹೋಗುತ್ತದೆ, ಜ್ವರ ಶಕ್ತಿಯನ್ನು ಸುಡುತ್ತದೆ, ಭೇದಿ ಇದ್ದಬದ್ದ ಸತ್ವವನ್ನು ಹೊರಗೆ ಹಾಕುತ್ತದೆ. ಗುಣವಾಗುವ ಹೊತ್ತಿಗೆ ಮಗು ಇನ್ನಷ್ಟು ಇಳಿದಿರುತ್ತದೆ, ಮುಂದಿನ ಸೋಂಕು ಇನ್ನೂ ಬೇಗ ಬರುತ್ತದೆ. ಎರಡೂ ಸೇರಿದಾಗ ಆಗುವ ಹಾನಿ ಬಿಡಿಬಿಡಿ ಹಾನಿಗಳನ್ನು ಕೂಡಿಸಿದ್ದಕ್ಕಿಂತ ದೊಡ್ಡದು ಎಂದು ನೆವಿನ್ ಸ್ಕ್ರಿಮ್‌ಶಾ ಮತ್ತು ಸಂಗಡಿಗರು 1968ರಲ್ಲೇ ವಿವರವಾಗಿ ತೋರಿಸಿದ್ದರು. ಮುಂದೆ ಆಲ್ಫ್ರೆಡ್ ಸೊಮ್ಮರ್ ಎಂಬ ಕಣ್ಣಿನ ವೈದ್ಯರು ಇಂಡೊನೇಷ್ಯಾದಲ್ಲಿ ಇರುಳುಗುರುಡಿನ ಬಗ್ಗೆ ಕೆಲಸ ಮಾಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದರು. ಇರುಳುಗುರುಡಿದ್ದ ಮಕ್ಕಳು ಕುರುಡಾಗುವ ಮೊದಲೇ ಸಾಯುತ್ತಿದ್ದರು. 1986ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ವಿಟಮಿನ್ ಎ ಕೊಡುವುದೆಂದು ಆರಿಸಿದ ಹಳ್ಳಿಗಳಲ್ಲಿ ಮಕ್ಕಳ ಸಾವು ಉಳಿದ ಹಳ್ಳಿಗಳಿಗಿಂತ ಶೇ 34ರಷ್ಟು ಕಡಿಮೆಯಿತ್ತು. ಆರು ತಿಂಗಳಿಗೊಮ್ಮೆ ಒಂದು ಡೋಸ್, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಆ ಮಗುವಿನ ಕಥೆಯೇ ಆಯಿತು ಎಂದು ನೀವು ಹೇಳಬಹುದು. ಸರಿ, ಕ್ಷಯವನ್ನು ತೆಗೆದುಕೊಳ್ಳಿ. ಕ್ಷಯದ ರೋಗಾಣು ಕೋಟ್ಯಂತರ ಜನರ ದೇಹದಲ್ಲಿ ಮಲಗಿರುತ್ತದೆ. ಬಹಳಷ್ಟು ಜನರಲ್ಲಿ ಅದು ಜೀವಮಾನವಿಡೀ ಏಳುವುದಿಲ್ಲ. ದೇಹ ಸೊರಗಿದಾಗ ಏಳುತ್ತದೆ, ಎದ್ದರೆ ಕೆಮ್ಮಿನ ಮೂಲಕ ಪಕ್ಕದವರಿಗೆ ದಾಟುತ್ತದೆ. ಆ ಪಕ್ಕದವರು ಬಸ್ಸಿನಲ್ಲಿ ಕೂತಿರುವ ಯಾರಾದರೂ ಆಗಬಹುದು, ಹೊಟ್ಟೆ ತುಂಬಿದವರೂ ಆಗಬಹುದು. ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಇದನ್ನು ಪರೀಕ್ಷಿಸಿದರು. 2,800 ಕ್ಷಯರೋಗಿಗಳ ಮನೆಗಳು, ಆ ಮನೆಗಳಲ್ಲಿ ಅವರ ಜೊತೆ ಬದುಕುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ. ಎಲ್ಲ ರೋಗಿಗಳಿಗೂ ಔಷಧದ ಜೊತೆ ಆಹಾರ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ಮನೆಮಂದಿಗೂ ತಿಂಗಳ ದಿನಸಿ, ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ, ದಿನಸಿ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತ್ತು, ಹರಡುವ ಬಗೆಯ ಶ್ವಾಸಕೋಶದ ಕ್ಷಯ ಶೇ 48ರಷ್ಟು. ಲಸಿಕೆಯೊಂದು ಇಷ್ಟು ಮಾಡಿದ್ದರೆ ಮುಖಪುಟದ ಸುದ್ದಿಯಾಗುತ್ತಿತ್ತು. ಮಾಡಿದ್ದು ದಿನಸಿ ಚೀಲವಾದ್ದರಿಂದ ಒಳಪುಟಕ್ಕೆ ಹೋಯಿತು, ಇರಲಿ.

ಈಗ ನಿಮ್ಮ ತರಗತಿಯ ದಪ್ಪ ಮಕ್ಕಳ ವಿಷಯ. ಬಡತನ ಮತ್ತು ಬೊಜ್ಜು ಒಂದಕ್ಕೊಂದು ವಿರುದ್ಧ ಎಂದು ನಮಗೆ ಅನ್ನಿಸುವುದು ಸಹಜ. ವಾಸ್ತವದಲ್ಲಿ ಅವು ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ಇರುತ್ತವೆ. ತಾಯಿಗೆ ಬೊಜ್ಜು, ಅವಳಿಗೇ ರಕ್ತಹೀನತೆ, ಅವಳ ಎರಡು ವರ್ಷದ ಮಗು ಗಿಡ್ಡ. ಕೈಯಲ್ಲಿ ಕಾಸು ಕಡಿಮೆ ಇರುವವರು ಲೆಕ್ಕದಲ್ಲಿ ದಡ್ಡರಲ್ಲ, ಇದ್ದ ಕಾಸಿಗೆ ಅತಿ ಹೆಚ್ಚು ಕ್ಯಾಲೊರಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತಾರೆ. ಅದು ಸಿಗುವುದು ಎಣ್ಣೆ, ಸಕ್ಕರೆ, ಪಾಲಿಶ್ ಮಾಡಿದ ಧಾನ್ಯ, ಪೊಟ್ಟಣದ ತಿನಿಸುಗಳಲ್ಲಿ. ಹಣ್ಣು, ತರಕಾರಿ, ಹಾಲು, ಮೊಟ್ಟೆ ಕ್ಯಾಲೊರಿಯ ಲೆಕ್ಕದಲ್ಲಿ ದುಬಾರಿ, ಮೇಲಾಗಿ ಕೆಡುತ್ತವೆ. ಮಗು ಮುಟ್ಟದೆ ಬಿಟ್ಟರೆ ಹಣ ನೀರುಪಾಲು. ಬಿಸ್ಕತ್ತನ್ನು ಯಾವ ಮಗುವೂ ಬೇಡ ಎನ್ನುವುದಿಲ್ಲ. ಬಡ ತಾಯಿಯೊಬ್ಬಳು ಹೊಸ ತರಕಾರಿಯನ್ನು "ಒಮ್ಮೆ ಪ್ರಯತ್ನಿಸಿ ನೋಡೋಣ" ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ ಎಂಬುದು ಆಹಾರ ಸಲಹೆ ಬರೆಯುವವರಿಗೆ ಹೊಳೆಯುವುದೇ ಇಲ್ಲ.

ಅತಿಯಾಗಿ ಸಂಸ್ಕರಿಸಿದ ಆಹಾರ ತಾನಾಗಿಯೇ ಹೆಚ್ಚು ತಿನ್ನಿಸುತ್ತದೆ ಎಂಬುದಕ್ಕೂ ಆಧಾರವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ತಂಡ 20 ಜನ ವಯಸ್ಕರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮವಾಗಿತ್ತು, ಎಷ್ಟು ತಿನ್ನುವುದು ಅವರವರ ಇಷ್ಟ. ಸಂಸ್ಕರಿಸಿದ ಆಹಾರದ ಎರಡು ವಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಸುಮಾರು 0.9 ಕಿಲೋ ಏರಿದರು. ಇದು 2019ರ ಮಾತು. ಅವರೆಲ್ಲ ಮನಸ್ಸು ದುರ್ಬಲವಾದವರು ಎನ್ನಲು ಬರುವುದಿಲ್ಲವಲ್ಲ.

ಹಸಿವಿನ ನೆನಪು ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದಕ್ಕೆ ನೆದರ್‌ಲ್ಯಾಂಡ್ಸ್ ಒಂದು ದಾರುಣ ಸಾಕ್ಷಿ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ದೇಶದ ಪಶ್ಚಿಮ ಭಾಗದಲ್ಲಿ ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು, ಕೆಲವು ವಾರಗಳಲ್ಲಿ ಅದರ ಅರ್ಧದಷ್ಟು. ಆಗ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಐವತ್ತು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿದಾಗ ಅವರ ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕಡಿಮೆ ಇತ್ತು. ಗರ್ಭದ ಮೊದಲ ತಿಂಗಳುಗಳಲ್ಲೇ ಬರಗಾಲ ಕಂಡವರಲ್ಲಿ ಹೃದ್ರೋಗವೂ ಹೆಚ್ಚಿತ್ತು. ಹೊರಗೆ ಕೊರತೆಯ ಲೋಕವಿದೆ ಎಂದು ಸಿದ್ಧವಾಗಿ ಹುಟ್ಟಿದ ದೇಹ, ಮುಂದೆ ಸಕ್ಕರೆ ಎಣ್ಣೆ ಧಾರಾಳವಾಗಿರುವ ಲೋಕಕ್ಕೆ ಬಂದಾಗ ಏಗಲಾರದು. ಹಿಂದಿನ ತಲೆಮಾರು ಹಸಿದಿದ್ದು ಈಗ ಅಗ್ಗದ ಕ್ಯಾಲೊರಿ ಏಕಾಏಕಿ ಬಂದ ಕಡೆಗಳಲ್ಲಿ ಮಧುಮೇಹ ಇಷ್ಟೊಂದು ಏಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಮಧುಮೇಹ ಬಂದ ಮೇಲೂ ಊಟದ ಅಭದ್ರತೆ ಬೆನ್ನು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ 2000ರಿಂದ 2008ರವರೆಗಿನ ದಾಖಲೆಗಳನ್ನು ಹಿಲರಿ ಸೆಲಿಗ್‌ಮನ್ ತಂಡ ತಿರುವಿಹಾಕಿದಾಗ ಸಿಕ್ಕಿದ್ದು ಇದು: ಕಡಿಮೆ ಆದಾಯದವರು ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರುವುದು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ 27ರಷ್ಟು ಹೆಚ್ಚು. ಹೆಚ್ಚು ಆದಾಯದವರಲ್ಲಿ ತಿಂಗಳ ಎಲ್ಲ ವಾರವೂ ಒಂದೇ. ಮಾತ್ರೆ ತಪ್ಪದೆ ನುಂಗಿರುತ್ತಾರೆ, ತಿಂಗಳ ಕೊನೆಯಲ್ಲಿ ಊಟ ತಪ್ಪಿರುತ್ತದೆ. ವೈದ್ಯರು ಬಂದು "ಮಾತ್ರೆಯ ಪ್ರಮಾಣ ಸರಿ ಮಾಡೋಣ" ಎನ್ನುತ್ತಾರೆ. ಕ್ಯಾಲೆಂಡರ್ ನೋಡುವುದಿಲ್ಲ.

ಇನ್ನು ಮೂರನೆಯ ಪ್ರಶ್ನೆ: ತಿಳಿವಳಿಕೆ ಸಾಲದೇ? ಇದಕ್ಕೆ ಒಂದು ಹಳೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ವೃತ್ತಿಯಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಈ ಕಥೆಯಲ್ಲೇ ಇದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪೆಲಾಗ್ರ ಎಂಬ ಕಾಯಿಲೆ ಹಬ್ಬಿತ್ತು. ಬಿಸಿಲು ತಾಗುವ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ, ಸಾವೂ ಬರುತ್ತದೆ. ಬಹಳಷ್ಟು ಜನ ಇದೊಂದು ಸೋಂಕು ಎಂದು ನಂಬಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಕಳಿಸಿತು. ಹುಚ್ಚಾಸ್ಪತ್ರೆಗಳಲ್ಲಿ, ಅನಾಥಾಲಯಗಳಲ್ಲಿ ಓಡಾಡಿದ ಅವರಿಗೆ ಕಂಡದ್ದು ಒಂದೇ ವಿಷಯ: ಕಾಯಿಲೆ ಒಳಗಿದ್ದವರಿಗೆ ಬರುತ್ತದೆ, ಅವರನ್ನು ನೋಡಿಕೊಳ್ಳುವ ನರ್ಸುಗಳಿಗೆ, ನೌಕರರಿಗೆ ಬರುವುದಿಲ್ಲ. ಸೋಂಕಾದರೆ ಹೀಗೆ ಸಂಬಳ ನೋಡಿ ಹಿಡಿಯುತ್ತದೆಯೇ? ಅವರು ತಟ್ಟೆಗಳನ್ನು ನೋಡಿದರು. ಒಳಗಿದ್ದವರ ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು. ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದ ಎರಡು ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಸೇರಿಸಿದರು. ಕಾಯಿಲೆ ಮಾಯವಾಯಿತು.

ಯಾರೂ ನಂಬಲಿಲ್ಲ. 1915ರಲ್ಲಿ ಅದೇ ರಾಜ್ಯದ ಒಂದು ಸೆರೆಮನೆಯ ತೋಟದಲ್ಲಿ, ಬಿಡುಗಡೆಯ ಆಸೆಗೆ ಒಪ್ಪಿದ ಕೈದಿಗಳಿಗೆ ಆ ಬಡ ಊಟವನ್ನೇ ಕೊಟ್ಟು ನೋಡಿದರು. ಕೊನೆಯವರೆಗೆ ಉಳಿದ 11 ಜನರಲ್ಲಿ 6 ಮಂದಿಗೆ ಪೆಲಾಗ್ರ ಬಂತು. (ಇಂದು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.) ಆಗಲೂ ನಂಬದವರಿಗಾಗಿ 1916ರಲ್ಲಿ ರೋಗಿಗಳ ರಕ್ತವನ್ನು ತಾವೇ ಚುಚ್ಚಿಕೊಂಡರು, ಚರ್ಮದ ಹಕ್ಕಳೆಯನ್ನು ಹಿಟ್ಟಿನಲ್ಲಿ ಕಲಸಿ ನುಂಗಿದರು. ಅವರ ಹೆಂಡತಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ.

ಕಾರಣ ಗೊತ್ತಾಯಿತು, ಪರಿಹಾರ ಗೊತ್ತಾಯಿತು, ಪತ್ರಿಕೆಗಳಲ್ಲಿ ಬಂತು. ಆದರೂ ಕಾಯಿಲೆ ಹೋಗಲಿಲ್ಲ. ಆಗ ಗೋಲ್ಡ್‌ಬರ್ಗರ್ ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು ಸೌತ್ ಕ್ಯಾರೊಲಿನಾದ ಏಳು ಹತ್ತಿಗಿರಣಿ ಊರುಗಳಿಗೆ ಹೋದರು. ಮನೆಮನೆಯಲ್ಲಿ ಆದಾಯ ಬರೆದುಕೊಂಡರು, ಏನು ಕೊಂಡರು ಎಂದು ಬರೆದುಕೊಂಡರು. ಆದಾಯ ಇಳಿದಂತೆ ಕಾಯಿಲೆ ಏರುತ್ತಿತ್ತು. ಹೆಚ್ಚುಕಡಿಮೆ ಒಂದೇ ಆದಾಯದ ಊರುಗಳ ನಡುವೆಯೂ ವ್ಯತ್ಯಾಸವಿತ್ತು. ಸುತ್ತಲಿನ ರೈತರು ಹಾಲು, ಮಾಂಸ, ತರಕಾರಿ ತಂದು ಮಾರುತ್ತಿದ್ದ ಊರಿನಲ್ಲಿ ಕಾಯಿಲೆ ಇಲ್ಲ. ಸುತ್ತ ಹತ್ತಿಯನ್ನೇ ಬೆಳೆಯುತ್ತಿದ್ದ, ಕಂಪನಿಯ ಅಂಗಡಿಯೇ ಗತಿಯಾಗಿದ್ದ ಊರಿನಲ್ಲಿ ಅದು ಬಹಳ ಇತ್ತು. ಹಾಲು ಒಳ್ಳೆಯದು ಎಂದು ಆ ತಾಯಂದಿರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಕೊಡುವ ಹಸುವೂ ಇರಲಿಲ್ಲ, ಕೊಳ್ಳುವ ಹಣವೂ ಇರಲಿಲ್ಲ. ಇತ್ತ ಜ್ಯಾಕ್ಸನ್‌ನಲ್ಲಿ ಪ್ರಯೋಗದ ಹಣ ಮುಗಿದು ಊಟ ಹಳೆಯದಕ್ಕೆ ಮರಳಿದಾಗ ಮಕ್ಕಳಿಗೆ ಮತ್ತೆ ಪೆಲಾಗ್ರ ಬಂತು. ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡರು. ಕೊರತೆಯ ವಸ್ತು ನಯಾಸಿನ್ ಎಂಬ ಬಿ ವಿಟಮಿನ್ ಎಂದು ಖಚಿತವಾದದ್ದು 1937ರಲ್ಲಿ. ಕೂಲಿ ಸುಧಾರಿಸಿ, 1940ರ ದಶಕದಲ್ಲಿ ಹಿಟ್ಟಿಗೇ ವಿಟಮಿನ್ ಬೆರೆಸಿದ ಮೇಲೆ ಕಾಯಿಲೆ ನಿಂತಿತು.

ಹಾಗೆಂದು ಅಂಗಡಿ ತೆರೆದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಒಳ್ಳೆಯ ಆಹಾರದ ಅಂಗಡಿಯೇ ಇಲ್ಲದ ಬಡಾವಣೆಗಳನ್ನು "ಆಹಾರದ ಮರುಭೂಮಿ" ಎಂದು ಕರೆಯುವ ರೂಢಿ ಬಂದಿದೆ. ಅಮೆರಿಕದಲ್ಲಿ ಅಂಥ ಕಡೆ ದೊಡ್ಡ ಅಂಗಡಿಗಳು ಬಂದಾಗ ಜನ ಕೊಳ್ಳುವುದು ಎಷ್ಟು ಬದಲಾಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. 2019ರಲ್ಲಿ ಅವರು ಕೊಟ್ಟ ಉತ್ತರ ನಿರಾಶೆಯದು: ಬಡವರ ಮತ್ತು ಸಿರಿವಂತರ ಪೋಷಣೆಯ ಅಂತರದಲ್ಲಿ ಅಂಗಡಿಯ ಲಭ್ಯತೆಗೆ ಸೇರುವುದು ಶೇ 10ರಷ್ಟು ಮಾತ್ರ. ಜನ ಹೊಸ ಅಂಗಡಿಗೆ ಹೋದರು, ಹಳೆಯದನ್ನೇ ಕೊಂಡರು. ಎಟುಕುವುದು ಎಂಬ ಮಾತಿನಲ್ಲಿ ದೂರ ಒಂದು ಭಾಗ ಅಷ್ಟೇ. ಹಣ, ಅಡುಗೆಗೆ ಬಿಡುವು, ಉರುವಲು, ಶುದ್ಧ ನೀರು, ಕೆಡದಂತೆ ಇಡುವ ಜಾಗ, ಬಾಲ್ಯದಿಂದ ನಾಲಿಗೆಗೆ ಹತ್ತಿದ ರುಚಿ, ಇದ್ದುದರಲ್ಲಿ ಯಾರಿಗೆ ಮೊದಲು ಬಡಿಸುತ್ತಾರೆ ಎಂಬುದು, ಎಲ್ಲವೂ ಅದರೊಳಗೇ ಬರುತ್ತವೆ. 2024ರಲ್ಲಿ ಜಗತ್ತಿನಲ್ಲಿ ಹಸಿವಿನಲ್ಲಿದ್ದವರು ಸುಮಾರು 67 ಕೋಟಿ ಎಂದು ವಿಶ್ವಸಂಸ್ಥೆಯ ಅಂದಾಜು. ಆರೋಗ್ಯಕರ ಆಹಾರವನ್ನು ಕೊಳ್ಳಲಾಗದವರು ಸುಮಾರು 260 ಕೋಟಿ. ಈ ಎರಡು ಅಂಕಿಗಳ ನಡುವೆ ಇರುವವರೇ ನಿಮ್ಮ ತರಗತಿಯ ಮನೆಗಳು.

ಅವರ ಮನೆಗಳಲ್ಲಿ ಕೊರತೆ ಒಂದು ಕ್ರಮದಲ್ಲಿ ಇಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಅಳೆಯಲು ಎಂಟು ಪ್ರಶ್ನೆ ಕೇಳುತ್ತದೆ. ಆಹಾರ ಸಾಲದೇ ಹೋಗಬಹುದೆಂಬ ಚಿಂತೆ ಕಾಡಿತೇ ಎಂಬುದು ಮೊದಲನೆಯದು, ಇಡೀ ದಿನ ತಿನ್ನದೆ ಕಳೆದಿರಾ ಎಂಬುದು ಕೊನೆಯದು. ಮೊದಲು ಬರುವುದು ಚಿಂತೆ. ಆಮೇಲೆ ತಟ್ಟೆಯ ಬಣ್ಣಗಳು ಒಂದೊಂದಾಗಿ ಹೋಗುತ್ತವೆ, ಅನ್ನವೋ ರೊಟ್ಟಿಯೋ ಅಷ್ಟೇ ಉಳಿಯುತ್ತದೆ. ಆಮೇಲೆ ದೊಡ್ಡವರು, ಅದರಲ್ಲೂ ತಾಯಿ, ತನ್ನ ಪಾಲು ಕಡಿಮೆ ಮಾಡುತ್ತಾಳೆ. ಮಗುವಿನ ಹೊತ್ತಿನ ಊಟ ತಪ್ಪುವುದು ಬಹಳ ಕೊನೆಗೆ. ನೀವು "ಮಕ್ಕಳು ಹಸಿದು ಬರುವುದಿಲ್ಲ" ಎಂದು ತಿಳಿದಿರುವ ಮನೆಗಳಲ್ಲಿ ಆ ಮೆಟ್ಟಿಲ ಮೊದಲ ಮೂರು ಹಂತ ಈಗಾಗಲೇ ದಾಟಿರಬಹುದು.

ಮಗು ಮಂಕು, ಆಸಕ್ತಿಯಿಲ್ಲ, ಅಪ್ಪ ಸೋಮಾರಿ ಎನ್ನುವ ಮೊದಲು ಇನ್ನೊಂದು ಸಂಗತಿ ನೆನಪಿರಲಿ. 1944ರ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಜನ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ ಒಂದು ಪ್ರಯೋಗಕ್ಕೆ ತೆಗೆದುಕೊಂಡರು. ಅವರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು, ದಿನಕ್ಕೆ ಸುಮಾರು 1,570 ಕ್ಯಾಲೊರಿ. ತೂಕದ ಕಾಲುಭಾಗ ಇಳಿಯಿತು. ಅದಕ್ಕಿಂತ ಮುಖ್ಯವಾಗಿ ಅವರ ಸ್ವಭಾವವೇ ಬದಲಾಯಿತು. ಮಾತು ನಿಂತಿತು, ನಗು ನಿಂತಿತು, ಓದಲು ಮನಸ್ಸಿಲ್ಲ. ಮೆಟ್ಟಿಲು ಹತ್ತಲೂ ಯೋಚಿಸುತ್ತಿದ್ದರು, ಪಾಕಪುಸ್ತಕಗಳನ್ನು ಮಾತ್ರ ಆಸೆಯಿಂದ ಓದುತ್ತಿದ್ದರು. ಓದಿದ, ಹುರುಪಿನ ಹುಡುಗರು ಅವರು.

ಏನು ಕೆಲಸ ಮಾಡುತ್ತದೆ ಎಂಬುದನ್ನು ಚುಟುಕಾಗಿ ಹೇಳಬಹುದು, ಅದರಲ್ಲಿ ಅಷ್ಟೇನೂ ರಹಸ್ಯವಿಲ್ಲ. ಸ್ವಿಟ್ಜರ್ಲೆಂಡ್ 1922ರಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸಲು ಆರಂಭಿಸಿತು, ಗಳಗಂಡದ ನಾಡೆನಿಸಿದ್ದ ದೇಶದಲ್ಲಿ ಅದು ಅಪರೂಪವಾಯಿತು. ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ ಶಿಶುವಿನ ಬೆನ್ನುಹುರಿಯ ದೋಷ ಬಹುಪಾಲು ತಪ್ಪುತ್ತದೆ ಎಂದು 1991ರಲ್ಲಿ ಖಚಿತವಾಯಿತು, ಹಲವು ದೇಶಗಳು ಅದನ್ನೂ ಹಿಟ್ಟಿಗೆ ಸೇರಿಸಿದವು. ಶಾಲೆಯ ಊಟ, ತಾಯಂದಿರ ಕೈಗೆ ಹಣ, ಬೇಗ ಬಿಡಿಸದ ಎದೆಹಾಲು, ಶುದ್ಧ ನೀರು. ಇವುಗಳಲ್ಲಿ ಯಾವುದೂ ಉಪದೇಶವಲ್ಲ ಎಂಬುದನ್ನು ಗಮನಿಸಿ. ತಿಳಿವಳಿಕೆ ಬೇಡವೆಂದಲ್ಲ, ಕೈಗೆ ಎಟುಕುವಂತೆ ಮಾಡಿದ ಮೇಲೆ ಹೇಳಿದ ತಿಳಿವಳಿಕೆ ನಿಲ್ಲುತ್ತದೆ. ಮೊದಲೇ ಹೇಳಿದರೆ ಅದು ಬೈಗುಳದಂತೆ ಕೇಳಿಸುತ್ತದೆ.

ನೀವು ಮಾಡಬಹುದಾದದ್ದು ಇದೆ. ಗೋಡೆಯ ಅಳತೆಯನ್ನು ವರ್ಷಕ್ಕೆ ಎರಡು ಸಲ ಮಾಡಿ, ಹೆಸರಿನ ಮುಂದೆ ತಾರೀಖಿನೊಂದಿಗೆ ಬರೆದಿಡಿ. ಒಂದು ಅಳತೆಗಿಂತ ಎರಡರ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಆರು ತಿಂಗಳಲ್ಲಿ ಗುರುತು ಮೇಲೇರದ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಕ್ಕನ ಕಂಕುಳಲ್ಲಿ ಬರುವ ಪುಟ್ಟ ತಮ್ಮ ತಂಗಿಯರನ್ನೂ ಗಮನಿಸಿ, ನಿಜವಾದ ಅಪಾಯ ಅವರಿಗೇ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ತೋಳಿನ ಪಟ್ಟಿ ಇದೆ, ಆರೋಗ್ಯ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಎಡತೋಳನ್ನು ಸಡಿಲವಾಗಿ ಇಳಿಬಿಟ್ಟು, ಭುಜದ ತುದಿ ಮತ್ತು ಮೊಣಕೈ ನಡುವಿನ ಸರಿಮಧ್ಯದಲ್ಲಿ, ಒತ್ತದೆ ಸುತ್ತಬೇಕು. 12.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪು ಬಂದರೆ ನಾಳೆ ಎನ್ನಬೇಡಿ.

ಒಂದು ಎಚ್ಚರಿಕೆಯನ್ನಂತೂ ಮರೆಯಬೇಡಿ. ಪಾದ ಊದಿರುವ ಮಗು ತುಂಬಿಕೊಂಡಂತೆ ಕಾಣುತ್ತದೆ, ಮೈ ಹಿಡಿದಿದೆ ಎಂದು ಅಕ್ಕಪಕ್ಕದವರು ಖುಷಿಪಡುವುದೂ ಉಂಟು. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಉಳಿದರೆ ಅದು ತೀವ್ರ ಅಪೌಷ್ಟಿಕತೆ ಇರಬಹುದು, ತೋಳಿನ ಅಳತೆ ಎಷ್ಟೇ ಇರಲಿ. ಅಂಥ ಮಗುವಿಗೆ ಕರುಣೆಯಿಂದ ಹೊಟ್ಟೆ ಬಿರಿಯುವಂತೆ ಉಣ್ಣಿಸಬೇಡಿ. ಬಹುಕಾಲ ಖಾಲಿಯಾಗಿದ್ದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲುವ ಅಪಾಯವಿದೆ. ಎದೆಹಾಲು ಕುಡಿಯುವ ಮಗುವಾದರೆ ಅದನ್ನು ನಿಲ್ಲಿಸಬೇಡಿ, ಬೆಚ್ಚಗೆ ಹೊದಿಸಿ, ತಾಯಿಯ ಜೊತೆ ಆ ದಿನವೇ ಆಸ್ಪತ್ರೆಗೆ ಕಳಿಸಿ. ಅಲ್ಲಿ ಮೊದಲ ಕೆಲವು ದಿನ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ, ಅಳೆದು ಕೊಡುತ್ತಾರೆ. ಇಷ್ಟು ಕಡಿಮೆ ಕೊಡುತ್ತಿದ್ದಾರಲ್ಲ ಎಂದು ತಾಯಿ ಗಾಬರಿಯಾಗಿ ವಾಪಸ್ ಕರೆತರುವುದು ಆಗಾಗ ನಡೆಯುತ್ತದೆ, ಆದ್ದರಿಂದ ಕಳಿಸುವಾಗಲೇ ಈ ಮಾತನ್ನು ಅವಳಿಗೆ ಹೇಳಿ ಕಳಿಸಿ.